ಹೊಸ್ತಿಲ ಈಚೆಯ ಅಳುಕು



ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು, ತೆಂಗಿನ ತೋಟಗಳನ್ನು ಎಡಬಲಕ್ಕಿಟ್ಟುಕೊಂಡು, ಜಾವಗಲ್ಲಿನ ದಾರಿಯಾಗಿ ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರು ಮುಂದಣ ಬೇಲೂರಿಗೂ ಹೋಗುವ ಪರದೇಶದ ಯಾತ್ರಿಕರನ್ನು ನಮ್ಮ ಸೀಮೆಯ ಜನ ತಲೆಮಾರುಗಳಿಂದ ಕಾಣುತ್ತ ಬಂದಿದ್ದಾರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡ ಚೆನ್ನಕೇಶವನ ಅಂಗಳದಲ್ಲಿ ಕ್ಯಾಮೆರಾವನ್ನು ಕೊರಳಿಗೆ ತೂಗಿಸಿಕೊಂಡು, ಮದನಿಕೆಯರ ಕಡೆ ಕತ್ತೆತ್ತಿ ನಿಂತ ಬಿಳಿಯ ಮುಖಗಳು ಇಲ್ಲಿನವರಿಗೆ ಅಪೂರ್ವವೇನೂ ಅಲ್ಲ. ಹಳೇಬೀಡಿನಲ್ಲಿ ಚಿತ್ರಪಟಗಳನ್ನು ಮಾರುವ ಹುಡುಗರು ನಾಲ್ಕಾರು ಭಾಷೆಗಳಲ್ಲಿ ಬೆಲೆ ಹೇಳಬಲ್ಲರು. 2023ರಲ್ಲಿ ಈ ಎರಡು ಊರುಗಳ ದೇಗುಲಗಳೂ ಸೋಮನಾಥಪುರದ ದೇಗುಲವೂ ಯುನೆಸ್ಕೋದ ಪಟ್ಟಿಗೆ ಸೇರಿದ ಮೇಲೆ ಅವರ ಉತ್ಸಾಹ ಇನ್ನಷ್ಟು ಹೆಚ್ಚಿದೆ. ಪರಂಗಿಯವರ ಬಣ್ಣ, ಉಡುಪು, ನಡೆ, ನುಡಿ ಎಲ್ಲವನ್ನೂ ನಾವು ಗುಡಿಯ ಕಟ್ಟೆಯ ಮೇಲೆ ಕುಳಿತು ನಿರ್ಭಯವಾಗಿ ಅವಲೋಕಿಸಿ, ಮನೆಗೆ ಬಂದು ಅನುಕರಿಸಿ ನಕ್ಕಿದ್ದೇವೆ. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬಳು, ಬೆಂಗಳೂರಿನಲ್ಲಿ ನೆಲಸಿದ ಜರ್ಮನ್ ದಂಪತಿಗಳ ಎಳೆಯ ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಸಂದರ್ಶನಕ್ಕೆ ಹೋಗಬೇಕಾಗಿ ಬಂದಾಗ ರಾತ್ರಿಯ ನಿದ್ರೆ ಕಳೆದುಕೊಂಡಳೆಂದರೆ, ಆ ಅಳುಕು ಹುಟ್ಟಿದ್ದಾದರೂ ಎಲ್ಲಿ ಎಂಬುದು ಈ ಹೊತ್ತಿನ ನನ್ನ ವಿಚಾರ.

ಆಕೆಯ ಹೆಸರು ಇಲ್ಲಿ ಬೇಡ. ಹಳೇಬೀಡಿನ ಕಡೆಯ ಒಂದು ಹಳ್ಳಿಯವಳು, ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು, ಕೆಲಕಾಲ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು, ಅನಂತರ ಪೇಟೆಯೊಂದರ ಅನುಕೂಲಸ್ಥರ ಮನೆಯಲ್ಲಿ ಎರಡು ಮಕ್ಕಳನ್ನು ಹಸುಗೂಸಿನಿಂದ ಶಾಲೆಗೆ ಹೋಗುವವರೆಗೆ ಸಾಕಿದವಳು. ನಿವೃತ್ತ ಉಪಾಧ್ಯಾಯನಾದ ನನ್ನ ಬಳಿಗೆ ಆಕೆ ಬಂದದ್ದು ಒಂದು ಬಯೋಡೇಟಾ ಬರೆಸಿಕೊಳ್ಳುವುದಕ್ಕಾಗಿ. ಅರ್ಜಿ ಬರೆಯುವುದು ಹತ್ತು ನಿಮಿಷದ ಕೆಲಸ; ಆಮೇಲೆ ನಡೆದ ಮಾತು ಸಂಜೆಯವರೆಗೆ ಎಳೆಯಿತು.

“ಮೇಷ್ಟ್ರೇ, ಆ ಮಗೀಗೆ ನನ್ನ ಮುಖ ಕಂಡ್ರೆ ಹೆದ್ರಿಕೆ ಆಗಲ್ವಾ? ಅವ್ರೆಲ್ಲ ಅಷ್ಟು ಬೆಳ್ಳಗೆ, ನಾನು ನೋಡಿದ್ರೆ ಹಿಂಗೆ” ಎಂದು ಆಕೆ ಮೊದಲು ಕೇಳಿದಳು. ಎರಡನೆಯದು ಇಂಗ್ಲಿಷಿನ ಭಯ, ಮೂರನೆಯದು ಫ್ರಿಜ್ಜಿನಲ್ಲಿ ಇರಬಹುದಾದ ಮಾಂಸದ ಭಯ, ನಾಲ್ಕನೆಯದು ನಾಯಿಯದು. ಇವೆಲ್ಲ ಮುಗಿದ ಬಳಿಕ, ಬಹಳ ಸಂಕೋಚದಿಂದ, ನೆಲವನ್ನೇ ನೋಡುತ್ತ, “ಅಲ್ಲಿಗೆ ಹೋದ್ರೆ ನಾನು ಎಲ್ಲಿ ಕೂತ್ಕೋಬೇಕು ಮೇಷ್ಟ್ರೇ?” ಎಂದಳು. ಉಳಿದ ಪ್ರಶ್ನೆಗಳಿಗೆಲ್ಲ ಪರದೇಶದ ವಾಸನೆಯಿತ್ತು. ಈ ಕೊನೆಯ ಪ್ರಶ್ನೆ ಅಪ್ಪಟ ನಮ್ಮ ಊರಿನದು. ಇದರ ಬಳಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮುನ್ನ, ಈ ಉದ್ಯೋಗಕ್ಕೆ ನಮ್ಮ ಸೀಮೆಯಲ್ಲಿ ಇರುವ ಹಳೆಯ ಚರಿತ್ರೆಯನ್ನು ತುಸು ನಿವೇದಿಸಬೇಕು.

ಬೇಲೂರಿನಿಂದ ಪಶ್ಚಿಮಕ್ಕೆ ನೆಲ ಏರತೊಡಗಿ ಮಲೆನಾಡಾಗುವ ಕಡೆಯಲ್ಲಿ, ಮಂಜರಾಬಾದಿನ ಸೀಮೆಯಲ್ಲಿ, 1843ರಲ್ಲಿ ಗ್ರೀನ್ ಎಂಬ ಆಂಗ್ಲೇಯನು ಕಾಫಿಯ ತೋಟವನ್ನೆಬ್ಬಿಸಿದನು. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಎಂಬಾತನು ಅಲ್ಲಿಯೇ ದೀರ್ಘಕಾಲ ತೋಟಗಾರನಾಗಿ, ತನ್ನ ಅನುಭವಗಳನ್ನು 1871ರಲ್ಲೂ 1894ರಲ್ಲೂ ಗ್ರಂಥಗಳಾಗಿ ಪ್ರಕಟಿಸಿದನು. ಗುಡ್ಡದ ನೆತ್ತಿಯ ಮೇಲೆ ದೊರೆಯ ಬಂಗಲೆ, ಕೆಳಗೆ ಕಣಿವೆಯಲ್ಲಿ ಆಳುಗಳ ಲೈನು. ಬಯಲುಸೀಮೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಮಲೆಗೆ ಹೋಗುತ್ತಿದ್ದ ಕುಟುಂಬಗಳಿಗೆ ಆ ಎರಡರ ನಡುವಣ ಇಳಿಜಾರು ಬಹು ಕಡಿದಾದುದು. ದೊರೆಸಾನಿ ಹೆತ್ತಾಗ ಮಗುವನ್ನೆತ್ತಿಕೊಳ್ಳಲು ಒಬ್ಬ ಆಯಾ ಬೇಕು. ಬಟ್ಲರನೂ ಮೇಸ್ತ್ರಿಯೂ ಯೋಚಿಸಿ ಯಾರನ್ನೋ ಕರೆತಂದು ಜಗುಲಿಯ ಮುಂದೆ ನಿಲ್ಲಿಸುವರು. ಇತ್ತ ಬೆಂಗಳೂರಿನ ದಂಡಿನಲ್ಲಿ, ಅಂದರೆ 1809ರಲ್ಲಿ ಸ್ಥಾಪಿತವಾಗಿ 1947ರವರೆಗೂ ಆಂಗ್ಲರ ಆಡಳಿತದಲ್ಲಿದ್ದ ಕಂಟೋನ್ಮೆಂಟಿನಲ್ಲಿ, ಆಯಾಗಳದೇ ಒಂದು ಸಮುದಾಯವಿತ್ತು. ದಕ್ಷಿಣದ ಆಯಾಗಳು ಅಷ್ಟಿಷ್ಟು ಇಂಗ್ಲಿಷ್ ಆಡಬಲ್ಲರೆಂಬ ಕಾರಣದಿಂದ ಉತ್ತರದ ಕಡೆಗೂ ಅವರಿಗೆ ಬೇಡಿಕೆಯಿತ್ತು.

ಅಂದಿನ ಸಂದರ್ಶನದ ಮುಖ್ಯ ಉಪಕರಣವೆಂದರೆ ಚೀಟಿ. ಹಿಂದಿನ ಯಜಮಾನಿ ಊರು ಬಿಡುವಾಗ ಬರೆದುಕೊಟ್ಟ ಗುಣಪತ್ರವನ್ನು ಬಟ್ಟೆಯಲ್ಲಿ ಸುತ್ತಿ, ತವರಿನಿಂದ ಬಂದ ಒಡವೆಗಿಂತಲೂ ಜೋಪಾನವಾಗಿ ಕಾಪಾಡಿಕೊಂಡು, ಮುಂದಿನ ಬಂಗಲೆಯ ಮುಂದೆ ಬಿಚ್ಚಿ ಒಪ್ಪಿಸಬೇಕು. ಆ ಕಾಗದ ಹಿಡಿದ ಕೈಗೆ ಅದರ ಅಕ್ಷರ ಬಾರದು. ಒಳ್ಳೆಯ ಮಾತೆಂದು ತಿಳಿದು ಎದೆಗೊತ್ತಿಕೊಂಡು ಬಂದ ಚೀಟಿಯಲ್ಲಿ ಹೊತ್ತವಳನ್ನೇ ಹಾಸ್ಯಮಾಡಿ ಬರೆದ ಒಕ್ಕಣೆ ಇದ್ದು, ಓದಿದ ಹೊಸ ದೊರೆ ಮೀಸೆಯಲ್ಲೇ ನಗುತ್ತ ಮಡಿಸಿ ಹಿಂದಿರುಗಿಸಿದ ಪ್ರಸಂಗಗಳು ಆ ಕಾಲದ ಆಂಗ್ಲರ ಬರಹಗಳಲ್ಲೇ ವಿನೋದದ ವಸ್ತುವಾಗಿ ಬಂದಿವೆ. ತನ್ನ ವಿಷಯದಲ್ಲಿ ಎದುರಿನವರಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ನಿಂತಿರುವವರ ಮೊಣಕಾಲು ನಡುಗಿದರೆ ಅದನ್ನು ಅಂಜುಬುರುಕತನವೆನ್ನಲಾಗದು.

ದೊರೆಸಾನಿಯರ ಪಕ್ಷವನ್ನೂ ಹೇಳಬೇಕಲ್ಲವೇ. ಅವರಿಗೆ ಕೈಪಿಡಿಗಳಿದ್ದುವು. ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಮಹಿಳೆಯರು 1888ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಗ್ರಂಥವು ಹಲವು ಆವೃತ್ತಿಗಳನ್ನು ಕಂಡಿತು. ಹಿಂದೂಸ್ಥಾನದ ಸೇವಕರನ್ನು ಮಕ್ಕಳಂತೆ ಭಾವಿಸಿ, ಮಕ್ಕಳಿಗೆ ತೋರುವ ದೃಢತೆಯಿಂದಲೇ ಆಳಬೇಕೆಂಬುದು ಅದರ ಉಪದೇಶದ ಸಾರ. ಮಗುವಿನ ಪ್ರಾಣವನ್ನೇ ಒಪ್ಪಿಸಲ್ಪಟ್ಟವಳು ತಾನೂ ಒಂದು ಮಗುವೆಂದು ಎಣಿಸಲ್ಪಡುವ ಈ ವಿಚಿತ್ರ ತರ್ಕವನ್ನು ಆ ಲೇಖಕಿಯರು ಗಮನಿಸಿದಂತೆ ತೋರುವುದಿಲ್ಲ. ಆದರೆ ಮಕ್ಕಳು ಗಮನಿಸಿದ್ದರು. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರುಡ್‌ಯಾರ್ಡ್ ಕಿಪ್ಲಿಂಗನು ತನ್ನ ಆತ್ಮಕಥನದಲ್ಲಿ, ಆಯಾಳೊಡನೆ ಮಾರ್ಗದ ಬದಿಯ ಶಿಲುಬೆಯ ಬಳಿಗೆ ಹೋಗುತ್ತಿದ್ದುದನ್ನೂ, ಊಟದ ಮನೆಗೆ ತಂದೆತಾಯಿಗಳ ಮುಂದೆ ಹೋಗುವಾಗ ಇನ್ನು ಇಂಗ್ಲಿಷಿನಲ್ಲಿ ಮಾತಾಡಬೇಕೆಂದು ಸೇವಕರು ಎಚ್ಚರಿಸಿ ಕಳುಹಿಸುತ್ತಿದ್ದುದನ್ನೂ ನೆನೆದಿದ್ದಾನೆ. ಸಾಮ್ರಾಜ್ಯದ ಮಹಾಕವಿಯೆನಿಸಿದವನಿಗೆ ಆಲೋಚನೆಯ ಮೊದಲ ಭಾಷೆಯನ್ನು ಕೊಟ್ಟವರು ಆಯಾ ಮತ್ತು ಬೇರರ್.

ಕೆಲವು ಆಯಾಗಳು ಕಡಲನ್ನೂ ದಾಟಿದರು. ದೊರೆಸಾನಿ ಮಕ್ಕಳೊಡನೆ ಸ್ವದೇಶಕ್ಕೆ ಹೊರಟಾಗ ಹಡಗಿನಲ್ಲಿ ಕೂಸನ್ನು ನೋಡಿಕೊಳ್ಳಲು ಜೊತೆಗೊಯ್ದ ಹೆಂಗಸರಲ್ಲಿ ಹಲವರನ್ನು, ಲಂಡನ್ನು ತಲುಪಿದೊಡನೆ, ಹಿಂದಿರುಗುವ ಟಿಕೇಟನ್ನೂ ಕೊಡದೆ ಬಿಟ್ಟುಬಿಡುತ್ತಿದ್ದರು. ಇಂತಹ ಅನಾಥೆಯರಿಗಾಗಿ ಅಲ್ಲಿ ಆಯಾಗಳ ನಿಲಯವೊಂದು ಏರ್ಪಟ್ಟು, 1900ರಲ್ಲಿ ಅದು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ ರಸ್ತೆಯ 26ನೆಯ ಸಂಖ್ಯೆಯ ಮನೆಗೆ ಬಂದಿತು. ಭಾರತಕ್ಕೆ ಹೊರಟ ಬೇರೆ ಸಂಸಾರಗಳು ಅಲ್ಲಿಗೆ ಬಂದು, ನಿಂತವರ ಪೈಕಿ ಒಬ್ಬಳನ್ನು ಆರಿಸಿಕೊಳ್ಳುವರು. ಊರಿಗೆ ಮರಳುವ ದಾರಿಯೇ ಸಂದರ್ಶನದ ಫಲಿತಾಂಶವನ್ನವಲಂಬಿಸಿದ್ದ ಆ ಹೆಂಗಸರ ಎದೆಬಡಿತವನ್ನು ಊಹಿಸಿಕೊಳ್ಳಬಹುದು. ಆ ಮನೆಯ ಗೋಡೆಗೆ ಸ್ಮಾರಕದ ನೀಲಿ ಫಲಕ ಬಂದದ್ದು 2022ರಲ್ಲಿ.

ಇಷ್ಟು ಚರಿತ್ರೆಯನ್ನು ನಾನು ಆ ಹೆಣ್ಣುಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಆಕೆ ಅರಸೀಕೆರೆಯಿಂದ ಆಚೆಗೆ ಹೊರಡುತ್ತಿರಲಿಲ್ಲ. ಅದಲ್ಲದೆ, ಆಕೆಯನ್ನು ಕಾಡುತ್ತಿದ್ದುದು ದೊರೆಗಳ ಕಾಲದ ನೆನಪೂ ಅಲ್ಲ. ಆಕೆಗೆ ಆ ಕಾಲ ತಿಳಿಯದು.

ಮೊದಲನೆಯ ಭಯವನ್ನೇ ತೆಗೆದುಕೊಳ್ಳೋಣ. ಬಣ್ಣ ಕಂಡು ಮಗು ಹೆದರೀತೇ? ಹುಟ್ಟಿದ ಕೂಸಿಗೆ ಬಣ್ಣದ ಪಕ್ಷಪಾತವಿಲ್ಲವೆಂದು ಶಿಶುಗಳ ಮನಸ್ಸನ್ನು ಅಭ್ಯಸಿಸುವ ವಿದ್ವಾಂಸರು ಕಂಡುಕೊಂಡಿದ್ದಾರೆ. ಮೂರು ತಿಂಗಳ ಹೊತ್ತಿಗೆ ಕೂಸು ತಾನು ದಿನವೂ ಕಾಣುವ ಬಗೆಯ ಮುಖಗಳ ಕಡೆಗೆ ಹೆಚ್ಚು ಹೊತ್ತು ನೋಡತೊಡಗುತ್ತದೆ. ಎರಡು ಬಣ್ಣದವರ ನಡುವೆ ಬೆಳೆಯುವ ಕೂಸಿನಲ್ಲಿ ಆ ಒಲವೂ ಕಾಣದು. ಇನ್ನು ಏಳೆಂಟು ತಿಂಗಳ ಮಗು ಹೊಸಬರನ್ನು ಕಂಡು ತಾಯಿಯ ಹೆಗಲಿಗೆ ಮುಖ ಮುಚ್ಚಿಕೊಂಡು ಅಳುವುದುಂಟು. ಆದರೆ ಅದು ಮುಂಬಯಿಯಿಂದ ಬಂದ ಸ್ವಂತ ಸೋದರಮಾವನನ್ನು ಕಂಡರೂ ಹಾಗೆಯೇ ಅಳುತ್ತದೆ. ಇದನ್ನು ಆಕೆಗೆ ಹೇಳಿದಾಗ ಆಕೆ ಥಟ್ಟನೆ, “ಅದೇನು ಮೇಷ್ಟ್ರೇ, ಇದು ನಂಗೆ ಗೊತ್ತಿಲ್ವಾ? ಮೊದಲನೇ ದಿವಸ ಮಗೀನ ಎತ್ಕೋಬಾರ್ದು. ಹತ್ರದಲ್ಲಿ ಕೂತು ಬೇರೆ ಏನೋ ಕೆಲ್ಸ ಮಾಡ್ತಾ ಇರ್ಬೇಕು. ಅದೇ ತೆವಳ್ಕೊಂಡು ಬತ್ತದೆ” ಎಂದಳು. ವಿದ್ವಾಂಸರ ಪ್ರಬಂಧಗಳಿಗಿಂತ ಕಾರ್ಯಸಾಧಕವಾದ ಮಾತಿದು. ಸಂದರ್ಶನದಲ್ಲಿ ಇದನ್ನೇ ಹೇಳವ್ವಾ ಎಂದೆ. “ಇದನ್ನೆಲ್ಲ ಕೇಳ್ತಾರಾ?” ಎಂದು ಆಶ್ಚರ್ಯಪಟ್ಟಳು. ಪೇಟೆಯ ಮನೆಗೆ ಸೇರುವಾಗ ಆಕೆಯನ್ನು ಮಗುವಿನ ವಿಚಾರವಾಗಿ ಯಾರೂ ಏನನ್ನೂ ಕೇಳಿರಲಿಲ್ಲವಂತೆ. ಯಾವ ಊರು, ಯಾವ ಜನ, ಯಾರ ಪೈಕಿ ಎಂದು ಕೇಳಿದ್ದರು.

ವಿಷಯದ ಮರ್ಮ ಇಲ್ಲಿದೆಯೆಂದು ನನಗೆ ತೋರಿತು. ಆ ಮನೆಯಲ್ಲಿ ಆಕೆ ಇದ್ದಷ್ಟು ಕಾಲವೂ ಮಕ್ಕಳು ಆಕೆಯ ತೊಡೆಯ ಮೇಲೆಯೇ ಉಂಡು ನಿದ್ರೆಹೋದುವು. ಆಕೆಯ ಲೋಟ ಮಾತ್ರ ಹಿತ್ತಲ ಬಾಗಿಲಿನ ಬಳಿ ಪ್ರತ್ಯೇಕವಾಗಿತ್ತು. ಸೋಫಾದ ಮೇಲೆ ಕುಣಿಯುವ ಮಗುವನ್ನು ಹಿಡಿದುಕೊಳ್ಳುವಾಗಲೂ ಆಕೆ ನೆಲದ ಮೇಲೆಯೇ ಇರಬೇಕು. ಮಗುವಿಗೆ ತುತ್ತು ಕಲಸಿದ ಕೈ, ದೇವರ ಮನೆಯ ಹೂವಿನ ಬುಟ್ಟಿಯನ್ನು ಮುಟ್ಟಬಾರದು. ಇದನ್ನೆಲ್ಲ ಆಕೆ ದೂರಾಗಿ ಹೇಳಲಿಲ್ಲ. ಇಂತಿಷ್ಟು ಗಂಟೆಗೆ ಬಸ್ಸು ಎಂಬಷ್ಟು ಸಹಜವಾಗಿ ಹೇಳಿದಳು. ಅದರಲ್ಲೂ ತನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು, ಹಬ್ಬಕ್ಕೆ ಸೀರೆ ಕೊಟ್ಟರು ಎಂಬ ಕೃತಜ್ಞತೆಯನ್ನೂ ಸೇರಿಸಿಯೇ ಹೇಳಿದಳು. ಜರ್ಮನ್ನರ ಮನೆಯಲ್ಲಿ ಎಲ್ಲಿ ಕೂತುಕೊಳ್ಳಬೇಕೆಂಬ ಪ್ರಶ್ನೆಯನ್ನು ಆಕೆಗೆ ಕಲಿಸಿದವರು ಜರ್ಮನ್ನರಲ್ಲ. ಪರಕೀಯರ ಹೊಸ್ತಿಲಲ್ಲಿ ಮೇಲಕ್ಕೆದ್ದ ಆ ನಡುಕ ನಮ್ಮವರ ಹೊಸ್ತಿಲುಗಳಲ್ಲಿ ವರ್ಷಗಟ್ಟಲೆ ಅಭ್ಯಾಸವಾದದ್ದು. ಅಲ್ಲಿ ತಾನು ಎಷ್ಟರವಳೆಂಬುದನ್ನು ಬಾಯಿಪಾಠ ಮಾಡಿದ್ದಳು, ಇಲ್ಲಿ ಆ ಪಾಠ ನಡೆಯುವುದೋ ಇಲ್ಲವೋ ತಿಳಿಯದೆ ಕಂಗೆಟ್ಟಿದ್ದಳು.

ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳನ್ನು ಕಂಡವರಿಗೆ ಇನ್ನೊಂದು ವಿಚಾರ ತಿಳಿದಿರುತ್ತದೆ. ಅಂತಹ ಕಡೆ ಕೆಲಸ ಕೇಳಲು ಹೋದವಳು ಪರದೇಶದವರ ಮುಖ ಕಾಣುವ ಮೊದಲು, ದ್ವಾರದಲ್ಲಿ ನಮ್ಮವನೇ ಆದ ಕಾವಲುಗಾರನಿಗೆ ಆಧಾರ್ ಕಾರ್ಡು ತೋರಿಸಿ, ಫೋಟೋ ತೆಗೆಸಿಕೊಂಡು, ಪುಸ್ತಕದಲ್ಲಿ ಹೆಸರು ಬರೆಸಿ, ಎಷ್ಟೋ ಕಡೆ ಕೆಲಸದವರಿಗೆಂದೇ ಬೇರೆಯಾಗಿಟ್ಟ ಲಿಫ್ಟಿನಲ್ಲಿ ಕಸದ ಡಬ್ಬಗಳೊಡನೆ ಮೇಲಕ್ಕೇರಬೇಕು. ಧೈರ್ಯದಲ್ಲಿ ಮುಕ್ಕಾಲು ಪಾಲು ಹದಿನೈದನೆಯ ಮಹಡಿ ತಲುಪುವ ಮೊದಲೇ ಸೋರಿಹೋಗಿರುತ್ತದೆ.

ಬಿಳಿಯರ ಮನೆಯಲ್ಲಿ ಎಲ್ಲವೂ ಸಮಾನತೆಯೆಂದು ನಾನು ಹೇಳುತ್ತಿಲ್ಲ; ಮೇಲೆ ಹೇಳಿದ ಚರಿತ್ರೆ ಅದಕ್ಕೆ ಸಾಕ್ಷಿಯಾಗಿದೆ. ಅವರ ಅಸಮಾನತೆಯ ವ್ಯಾಕರಣ ಬೇರೆ. ಇನ್ನು ಅನ್ಯ ವರ್ಣದವರೆಂದರೆ ನಮ್ಮ ಕಣ್ಣಿಗೆ ಬಿಳಿಯರೇ ಏಕೆ ಮೊದಲು ಬರಬೇಕು? ಕೆಲಸ ಕೊಡಿಸುವ ಏಜೆನ್ಸಿಯವರು ಆಫ್ರಿಕದ ಸಂಸಾರವೊಂದರ ಹೆಸರೆತ್ತಿದಾಗ ತನ್ನ ಜೊತೆಗಿದ್ದ ಇಬ್ಬರು ಹೆಂಗಸರು ಬಣ್ಣದ ಕಾರಣಕ್ಕಾಗಿಯೇ ಬೇಡವೆಂದರೆಂದು ಆಕೆ ಹೇಳಿದಳು. ಬೆಂಗಳೂರಿನಲ್ಲಿ 2016ರ ಆರಂಭದಲ್ಲಿ ತಾನ್‌ಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಜನರ ಗುಂಪು ಥಳಿಸಿದ ಕಥೆ ಯಾರಿಗೂ ಮರೆತಿರಲಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿ ಶತಮಾನಗಳಿಂದ ನೆಲಸಿ, ನಮ್ಮ ನುಡಿಯನ್ನೇ ಆಡುವ ಸಿದ್ದಿ ಜನ ಕೂಡ ಸ್ವಂತ ರಾಜ್ಯದ ಪೇಟೆಗಳಲ್ಲಿ ನೀವು ಯಾವ ದೇಶದವರೆಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ತಾನು ಕಪ್ಪೆಂದು ಅಳುಕುವವಳಿಗೆ ತನಗಿಂತ ಕಪ್ಪಾದವರ ಮನೆ ಬೇಡವೆನಿಸುವುದಾದರೆ, ಆ ಅಳುಕಿನ ಬೇರು ಬರ್ಲಿನ್ನಿನಲ್ಲಿ ಸಿಕ್ಕದು.

ಇನ್ನು ಸಂದರ್ಶನದ ನಡವಳಿಕೆ. ಹಿರಿಯರ ಮುಂದೆ ದೃಷ್ಟಿಯನ್ನು ಕೆಳಗಿಳಿಸುವುದು ನಮ್ಮಲ್ಲಿ ಮರ್ಯಾದೆ. ಐರೋಪ್ಯರು ಅದರಲ್ಲಿ ಏನನ್ನೋ ಮರೆಮಾಚುವ ಲಕ್ಷಣವನ್ನು ಕಾಣಬಹುದು. ಆಗಲಿ ಎಂಬುದಕ್ಕೆ ನಾವು ತಲೆಯನ್ನು ಪಕ್ಕಕ್ಕೆ ಓಲಾಡಿಸಿದರೆ, ಅವರಿಗದು ಒಲ್ಲೆನೆಂಬಂತೆ ಕಾಣುತ್ತದೆ. ಇದೆಲ್ಲ ಸಣ್ಣಪುಟ್ಟದ್ದು, ಎರಡು ದಿನದಲ್ಲಿ ಸರಿಹೋಗುವಂತಹದು. ಕಷ್ಟವಿರುವುದು ‘ಗೊತ್ತಿಲ್ಲ’ ಎನ್ನುವುದರಲ್ಲಿ. ಯಜಮಾನಿ ಏನು ಕೇಳಿದರೂ ಹೂಂ ಎನ್ನಬೇಕು, ಇಲ್ಲವೆಂದರೆ ಕೆಲಸ ಹೋಯಿತು ಎಂಬುದು ನಮ್ಮ ಮನೆಗಳು ಕಲಿಸಿದ ಶಾಸ್ತ್ರ. ಆದರೆ ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಗೊತ್ತೇ ಎಂಬ ಪ್ರಶ್ನೆಗೆ, ಗೊತ್ತಿಲ್ಲದೆ ಹೂಂ ಎಂದವಳಿಗಿಂತ, ಗೊತ್ತಿಲ್ಲ, ತೋರಿಸಿಕೊಡಿ ಎಂದವಳನ್ನು ವಿವೇಕವುಳ್ಳ ಯಾವ ತಾಯಿಯಾದರೂ ನಂಬಿಯಾಳು. ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲು ಆಕೆಗೆ ಇಂಗ್ಲಿಷಿನಲ್ಲಿ ಹೇಳುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತೆಂಬುದು ವಿಚಿತ್ರವಾದರೂ ನಿಜ. ಇಂಗ್ಲಿಷಿನಲ್ಲಿ ಅದು ಬರಿಯ ಪಾಠ. ಕನ್ನಡದಲ್ಲಿ ಅದನ್ನು ಯಾರಿಗೆ ಹೇಳಬಾರದೆಂಬ ನೆನಪು ಅಂಟಿಕೊಂಡಿತ್ತು.

ಕೂಸನ್ನು ಸಾಕುವ ಕ್ರಮಗಳಲ್ಲಿ ವ್ಯತ್ಯಾಸಗಳಿರುವುದು ಸಹಜ. ನಮ್ಮಲ್ಲಿ ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕಿ, ಸಾಂಬ್ರಾಣಿಯ ಹೊಗೆ ಕೊಟ್ಟು, ದೃಷ್ಟಿಯ ಬೊಟ್ಟಿಟ್ಟು, ತಾಯಿಯ ಮಗ್ಗುಲಲ್ಲಿ ಮಲಗಿಸುತ್ತೇವೆ. ಅವರಲ್ಲಿ ಕೂಸಿಗೆ ಪ್ರತ್ಯೇಕ ಮಂಚ. ಬೆನ್ನ ಮೇಲೆಯೇ ಮಲಗಿಸಬೇಕು. ದಿಂಬು, ರಗ್ಗು, ಬೊಂಬೆ ಯಾವುದೂ ಹತ್ತಿರವಿರಬಾರದು. ನಿದ್ರೆಯಲ್ಲೇ ಕೂಸುಗಳು ಅಕಸ್ಮಾತ್ತಾಗಿ ಮೃತವಾಗುವ ದುರ್ಘಟನೆಗಳು, ಬೆನ್ನ ಮೇಲೆ ಮಲಗಿಸಿರೆಂದು 1990ರ ದಶಕದಲ್ಲಿ ಇಂಗ್ಲೆಂಡು ಅಮೆರಿಕಗಳಲ್ಲಿ ನಡೆದ ಪ್ರಚಾರದ ಬಳಿಕ ಬಹುವಾಗಿ ತಗ್ಗಿದುವು. ಆ ನಿಯಮ ನಿಷ್ಕಾರಣವಾದ ಮಡಿಯಲ್ಲ. ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸುವುದು ನಮ್ಮ ಅಜ್ಜಿಯರ ವಾಡಿಕೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದೆಂದು ವೈದ್ಯರು ಹೇಳುತ್ತಾರೆ, ಏಕೆಂದರೆ ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ವಿಷವಾಗಿ ಪರಿಣಮಿಸುತ್ತದೆ. ಇತ್ತ ನಮ್ಮ ರಾಗಿಯ ಸರಿಯನ್ನು ಕಂಡು ಅವರು ಮೂಗು ಮುರಿದರೆ, ನಷ್ಟ ಅವರ ಕೂಸಿಗೆ. ಯಾವುದನ್ನು ಬಿಡಬೇಕು, ಯಾವುದನ್ನು ನಯವಾಗಿ ಕಲಿಸಿಕೊಡಬೇಕು ಎಂಬ ವಿವೇಚನೆ ಅಂಗನವಾಡಿಯಲ್ಲಿ ದುಡಿದವಳಿಗೆ ಬೇರೆಯವರು ಬೋಧಿಸಬೇಕಾಗಿರಲಿಲ್ಲ. 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದಂದಿನಿಂದ ಸಾವಿರಾರು ಹೆಂಗಸರು, ಒಂದು ಕೈಯಲ್ಲಿ ತೂಕದ ಪಟ್ಟಿ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು, ಹಳೆಯ ಕ್ರಮಕ್ಕೂ ಹೊಸ ಕ್ರಮಕ್ಕೂ ನಿತ್ಯವೂ ಸಂಧಾನ ನಡೆಸುತ್ತಲೇ ಇದ್ದಾರೆ.

ಅಳುಕು ಒಂದೇ ಪಕ್ಷದ್ದೆಂದು ತಿಳಿಯಬಾರದು. ಭಾಷೆ ತಿಳಿಯದ ಊರಿನಲ್ಲಿ, ಅಜ್ಜಿಯಿಲ್ಲ, ಅತ್ತೆಯಿಲ್ಲ, ಕರೆದರೆ ಓಡಿಬರುವ ನೆರೆಯವರಿಲ್ಲ. ಅಂತಹ ಕಡೆ ಗುರುತಿಲ್ಲದ ಹೆಂಗಸಿನ ಕೈಗೆ ಹೆತ್ತ ಕೂಸನ್ನು ಕೊಟ್ಟು ಕಚೇರಿಗೆ ಹೊರಡುವ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತಿರಬಹುದು? ಭಾಗವತವನ್ನು ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಚೆಲುವೆಯ ವೇಷದಲ್ಲಿ ಬಂದು ಕೂಸನ್ನೆತ್ತಿಕೊಂಡ ಪೂತನಿಯ ಕಥೆ, ಮನೆಗೆ ಬಂದ ಅಪರಿಚಿತ ದಾದಿಯನ್ನು ಕಂಡ ಎಲ್ಲ ತಾಯಂದಿರ ಅನುಮಾನದ ಕಥೆಯೂ ಹೌದು. ಅದೇ ಗ್ರಂಥದಲ್ಲಿ, ತನ್ನ ಕುಲದ್ದಲ್ಲದ ಕೂಸನ್ನು ತನ್ನದೆಂದೇ ಬೆಳೆಸಿದ ಯಶೋದೆಯೂ ಇದ್ದಾಳೆ. ಆ ಜರ್ಮನ್ ಮಹಿಳೆ ಮೇಜಿನ ಆಚೆ ಕುಳಿತು ಈಕೆಯ ಮುಖದಲ್ಲಿ ಇಬ್ಬರಲ್ಲಿ ಯಾರನ್ನು ಕಾಣುವುದೆಂದು ತವಕಿಸುತ್ತಿರುತ್ತಾಳೆಂದು ವಿವರಿಸಿದಾಗ, ಈಕೆ ಮೊದಲ ಬಾರಿಗೆ ನಕ್ಕಳು.

ಆ ನಗೆ ಬಂದ ಮೇಲೆಯೇ ಲೌಕಿಕದ ಮಾತಿಗೆ ಅವಕಾಶವಾದದ್ದು. ಕರ್ನಾಟಕದಲ್ಲಿ ಮನೆಗೆಲಸವನ್ನು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದ್ದಾರೆ. 2011ರ ಜೂನಿನಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶ ಅದರ ಪರವಾಗಿ ಮತ ಹಾಕಿ, ಮನೆಗೆ ಬಂದು ಅದನ್ನು ಸ್ಥಿರೀಕರಿಸದೆ ಕುಳಿತಿದೆ. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯ ರಕ್ಷಣೆ ಮನೆಗೆಲಸದವಳಿಗೂ ಉಂಟು. ಕೊಲ್ಲಿಯ ದೇಶಗಳಿಗೆ ಹೋಗುವ ಮಾತು ಬಂದರೆ ಲೆಕ್ಕಾಚಾರವೇ ಬೇರೆ. ಅಲ್ಲಿಗೆ ಮನೆಗೆಲಸಕ್ಕೆಂದು ವಲಸೆಯ ಅನುಮತಿ ಪಡೆಯುವ ಹೆಂಗಸಿಗೆ 30 ವರ್ಷ ತುಂಬಿರಬೇಕೆಂಬ ನಿಯಮವಿದೆ, ಪಾಸ್‌ಪೋರ್ಟನ್ನು ಯಜಮಾನರ ಕಪಾಟಿನಲ್ಲಿಡಲು ಎಂದಿಗೂ ಒಪ್ಪಬಾರದು. ಬೆಂಗಳೂರಿನ ಮನೆಯ ಮಟ್ಟಿಗೆ ನಾವಿಬ್ಬರೂ ಕುಳಿತು, ಸಂಬಳವೆಷ್ಟು, ದಿನಕ್ಕೆ ಎಷ್ಟು ತಾಸು, ವಾರದ ರಜೆ ಯಾವತ್ತು, ಮಗುವಿನ ಕೆಲಸದ ಹೊರತು ಅಡಿಗೆ ಪಾತ್ರೆಗಳೂ ಸೇರಿವೆಯೇ, ರಾತ್ರಿ ಉಳಿಯಬೇಕಾದರೆ ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂದು ಒಂದು ಹಾಳೆಯ ಮೇಲೆ ಬರೆದೆವು. ಚಿಲಕದ ಪ್ರಶ್ನೆ ಆಕೆಯದು, ನನಗೆ ಹೊಳೆದಿರಲಿಲ್ಲ. ದನದ ಮಾಂಸವನ್ನು ತಾನು ಬೇಯಿಸಲಾರೆ, ಅವರು ತಿನ್ನುವುದಕ್ಕೆ ತನ್ನ ಅಡ್ಡಿಯಿಲ್ಲ ಎಂಬ ಸಾಲನ್ನೂ ಆಕೆಯೇ ಹೇಳಿ ಬರೆಸಿದಳು. ಬೇಲೂರಿನ ಕೇಶವನ ತೇರಿಗೆ ಚೈತ್ರದಲ್ಲಿ ಎರಡು ದಿನ ರಜೆ ಬೇಕೆಂಬುದನ್ನು ಸೇರಿಸಿ, ಇದನ್ನು ಕೇಳುವುದು ಹೆಚ್ಚಾಯಿತೇನೋ ಎಂದು ಒಮ್ಮೆ ಹೊಡೆದುಹಾಕಿ, ಮತ್ತೆ ಬರೆಸಿದಳು. ಆಕೆಗೂ ಶಾಲೆಗೆ ಹೋಗುವ ಮಗಳಿದ್ದಾಳೆ, ಅಜ್ಜಿಯ ಬಳಿ ಬಿಟ್ಟು ಹೋಗಬೇಕು. ಆ ಎರಡು ದಿನ ತೇರಿಗಾಗಿಯೋ ಮಗಳಿಗಾಗಿಯೋ ನಾನು ಕೇಳಲಿಲ್ಲ.

ಸಂದರ್ಶನವಾಯಿತು. ಕುರ್ಚಿಯಲ್ಲಿ ಕುಳಿತುಕೊಳ್ಳಲು ಎರಡು ಸಲ ಹೇಳಿಸಿಕೊಂಡಳಂತೆ, ನಾಯಿ ಇರಲಿಲ್ಲವಂತೆ, ಮಗು ಅತ್ತಿತಂತೆ. ಅವರ ಪ್ರಶ್ನೆಗಳೆಲ್ಲ ಮುಗಿದು, ನಿಮಗೇನಾದರೂ ಕೇಳುವುದಿದೆಯೇ ಎಂದಾಗ, ಹಾಳೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಕೇಳಿ, ಹಾಳೆಯಲ್ಲಿಲ್ಲದ ಒಂದನ್ನೂ ಕೇಳಿದಳು: ಇದಕ್ಕೆ ಮೊದಲು ನಿಮ್ಮಲ್ಲಿದ್ದವರು ಏಕೆ ಬಿಟ್ಟರು, ಅವರ ಫೋನ್ ನಂಬರು ಕೊಡುತ್ತೀರಾ? ದಂಪತಿಗಳು ಮುಖಮುಖ ನೋಡಿಕೊಂಡು, ಹಿಂದಿನವಳು ಮದುವೆಯಾಗಿ ತಮಿಳುನಾಡಿಗೆ ಹೋದಳೆಂದು ಹೇಳಿ ನಂಬರು ಬರೆದುಕೊಟ್ಟರು. ಅದೇ ಸಂಜೆ ಅರಸೀಕೆರೆಗೆ ಬರುವ ರೈಲಿನಲ್ಲಿ ಕುಳಿತು ಆಕೆ ಆ ಹೆಂಗಸಿಗೆ ಫೋನು ಮಾಡಿದಳು. ಒಬ್ಬಳದು ಕನ್ನಡ, ಇನ್ನೊಬ್ಬಳದು ತಮಿಳು, ಆದರೂ ತುಮಕೂರಿನಿಂದ ತಿಪಟೂರಿನವರೆಗೂ ಮಾತಾಡಿದರಂತೆ. ಯಜಮಾನಿ ಹೇಗೆ, ಸಂಬಳ ಒಂದನೆಯ ತಾರೀಖೇ ಬರುತ್ತದೆಯೇ, ಮಗುವಿನ ತಂದೆಯ ನಡತೆ ಹೇಗೆ, ಎಂದೆಲ್ಲ ವಿಚಾರಿಸಿಕೊಂಡು, ಮಾರನೆಯ ದಿನ ನನ್ನ ಬಳಿಗೆ ಬಂದು, ಸಂಬಳದ ಅಂಕೆಯ ಪಕ್ಕದಲ್ಲಿ ವರ್ಷಕ್ಕೊಮ್ಮೆ ಹೆಚ್ಚಳವೆಂದು ಸೇರಿಸಿ ಇಂಗ್ಲಿಷಿನಲ್ಲಿ ಬರೆದುಕೊಡಿ ಮೇಷ್ಟ್ರೇ, ಅವರಿಗೆ ಕಳಿಸಬೇಕು, ಸೋಮವಾರ ಉತ್ತರ ಹೇಳುತ್ತೇನೆ ಅಂದಿದ್ದೇನೆ ಎಂದಳು.